ಆಟಿಯಲ್ಲಿ ಪ್ರಣಮ್ಯಾಳ ಮದುವೆ

ತ್ರಿಪ್ಲಿಕೇನ್, ಚೆನ್ನೈ
3 ಜೂನ್ 2025

ಅಮ್ಮನಿಗೆ,

ಕಾಗದ ನೋಡಿ ಹೆದರಬೇಡ. ಅಪ್ಪ ಚೆನ್ನಾಗಿದ್ದಾರೆ, ಮೆಸ್ ನಡೆಯುತ್ತಿದೆ, ನನಗೂ ಎಂತದೂ ಆಗಿಲ್ಲ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನೋಡಿದೆ. ನಿನ್ನ ಕಿವಿಗೆ ಅರ್ಧ ಬೀಳುವುದಿಲ್ಲ. ಸ್ಪೀಕರ್ ಹಾಕಿದರೆ ಉಳಿದರ್ಧವನ್ನು ಗುಣವತಿ ದೊಡ್ಡಮ್ಮ ಕೇಳಿಸಿಕೊಂಡು ಸಂಜೆಯೊಳಗೆ ವಿಟ್ಲ ಪೇಟೆಗೆಲ್ಲ ಹಂಚುತ್ತಾರೆ. ಮಲಗಿದಲ್ಲಿಂದಲೇ ಅವರಿಗೆ ಅದು ಹೇಗೆ ಸಾಧ್ಯವೋ! ತುಳು ಮಾತಾಡುವ ನಮಗೆ ಬರೆಯಲು ಇರುವುದು ಕನ್ನಡ. ನನ್ನ ಕನ್ನಡ ನೀನು ಸ್ಲೇಟಿನಲ್ಲಿ ತಿದ್ದಿಸಿದ್ದು, ತಪ್ಪಿದ್ದರೆ ನಿನಗೂ ಪಾಲುಂಟು.

ಕಳೆದ ವಾರ ಅಮಿತನ ಜೊತೆ ಕೊಡೈಕನಾಲಿಗೆ ಹೋಗಿದ್ದೆ. ಅಮಿತ್ ಗೊತ್ತಲ್ಲ, ವೆಸ್ಟ್ ಮಾಂಬಲಂನ ಬ್ಯಾಂಕಿನವರ ಮಗ, ಕೂತಲ್ಲೇ ನಿನ್ನ ಹನ್ನೆರಡು ನೀರುದೋಸೆ ಮುಗಿಸಿದವನು. ಎರಡನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಊರ ಹೊರಗೆ ಪೈನ್ ಮರಗಳ ನಡುವೆ ಕೂತಿದ್ದೆವು. ಮಂಜು ಬಂದು ಹೋಗಿತ್ತು. ಒಳ್ಳೆಯ ಬೆಳಕಿತ್ತು. ಸುತ್ತಿ ಬಳಸಿ ಬರೆಯುವುದಿಲ್ಲ. ನಾನು ಪಮ್ಮಿಯನ್ನು ಕಂಡೆ.

ಕನಸಲ್ಲ, ಕಣ್ಣು ತೆರೆದೇ ಇತ್ತು. ಹತ್ತು ಹೆಜ್ಜೆ ದೂರದಲ್ಲಿ ಒಂದು ಮರದ ಪಕ್ಕ ನಿಂತಿದ್ದಳು. ನಮ್ಮ ಪ್ರಣಮ್ಯಾಳೇ, ನಾಲ್ಕು ವರ್ಷದವಳೇ. ಆ ಹಳದಿ ಫ್ರಾಕು. ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬಲಗೈಯನ್ನು ನನ್ನ ಕಡೆ ಚಾಚಿಕೊಂಡು ಸುಮ್ಮನೆ ನಿಂತಿದ್ದಳು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಮರ ಮಾತ್ರ ಇತ್ತು.

ಇಪ್ಪತ್ತು ವರ್ಷ ನಾನು ನಿನ್ನೆದುರು ಅವಳ ಹೆಸರು ಎತ್ತಿದವನಲ್ಲ. ಈಗ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಂಬಾರು ಬಡಿಸುವುದು ಆಗುತ್ತಿಲ್ಲ, ಅದಕ್ಕೆ ಬರೆದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಚರಣ್


ವಿಟ್ಲ
12 ಜೂನ್ 2025

ಮಗಾ ಚರಣ,

ನಿನ್ನ ಕಾಗದ ಸೋಮವಾರ ಬಂತು. ಓದಿ ಬಾವಿಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತೆನೋ. ಒಳಗಿನಿಂದ ಅಕ್ಕ "ಸರಸಾ, ಹಾಲು ಉಕ್ಕಿ ಹೋಯ್ತಲ್ಲೇ, ನೀನು ಸತ್ತಿದ್ಯಾ ಇಲ್ಲ ಬದ್ಕಿದ್ಯಾ" ಎಂದು ಕೂಗಿದ ಮೇಲೆ ಎದ್ದೆ.

ನೀನು ಬರೆದದ್ದು ಏನೂ ಸಾಲದು. ಕೈಯಲ್ಲಿ ಕಪ್ಪು ಬಳೆ ಇತ್ತಾ? ಕಾಲಿಗೆ ಚಪ್ಪಲಿ ಇತ್ತಾ? ನನ್ನನ್ನು ಕೇಳಿದಳಾ? ಗಂಡಸರಿಗೆ ಕಣ್ಣು ಕೊಟ್ಟದ್ದೇ ದಂಡ.

ಒಂದು ಸಂಗತಿ ನಿನಗೆ ಹೇಳಬೇಕು. ಆ ಸುನಾಮಿಯ ದಿನದಿಂದ ಇವತ್ತಿನವರೆಗೆ ನಾನು ಅವಳನ್ನು ಸತ್ತವರ ಜೊತೆ ಸೇರಿಸಿಲ್ಲ. ಹೆಣ ಸಿಗಲಿಲ್ಲ. ನೀನು ಅವತ್ತು ಹೇಳಿದ್ದೆಯಲ್ಲ, ಮರೀನಾದಲ್ಲಿ ಅವಳು ಬಲೂನಿನವನ ಹತ್ತಿರ ನಿಂತಿದ್ದಳು, ನೀನು ದೂರ ಮರಳಿನಲ್ಲಿ ಆಡುತ್ತಿದ್ದೆ, ನೀರು ಬಂದ ಮೇಲೆ ಅವರಿಬ್ಬರೂ ಕಾಣಲಿಲ್ಲ ಎಂದು. ಆ ಬಲೂನಿನವನನ್ನು ನಾನು ಎಷ್ಟು ಹುಡುಕಿದೆ ಎಂದು ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ಅವನು ಮಗುವನ್ನು ಎತ್ತಿಕೊಂಡು ಓಡಿರಬೇಕು. ಮಕ್ಕಳಿಲ್ಲದವನಿರಬೇಕು. ಎಲ್ಲೋ ಸಾಕುತ್ತಿರಬೇಕು. ಪೆರಂಬೂರಿನಲ್ಲಿ ಒಬ್ಬ ಬಲೂನಿನವನ ಮನೆಯಲ್ಲಿ ಹೊಸದಾಗಿ ಒಂದು ಹೆಣ್ಣು ಮಗು ಬಂದಿದೆ ಎಂದು ಯಾರೋ ಅಂದರು. ನಿನ್ನ ಅಪ್ಪ ಮೆಸ್ಸಿಗೆ ಹೋದ ಮೇಲೆ ಬಸ್ಸು ಹತ್ತಿ ಹೋಗಿ, ರೈಲ್ವೆ ಕ್ವಾರ್ಟರ್ಸಿನ ಬೀದಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ನಿಲ್ಲುತ್ತಿದ್ದೆ. ಹುಡುಗಿಯರ ಎಡಹುಬ್ಬು ನೋಡುತ್ತಿದ್ದೆ, ಅವಳಿಗೆ ಅಲ್ಲಿ ಗಾಯದ ಗುರುತಿತ್ತಲ್ಲ. ಅಕ್ಕನಿಗೆ ಪಾರ್ಶ್ವವಾಯು ಬಡಿದು ನಾನು ಊರಿಗೆ ಬರುವವರೆಗೂ ಹೋಗುತ್ತಿದ್ದೆ. ಹದಿನಾಲ್ಕು ವರ್ಷ. ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ನಿನ್ನ ಅಜ್ಜನಿಗೆ ಬಡಿಸಿದ್ದೇನೆ, ಅತ್ತೆಗೆ ಬಡಿಸಿದ್ದೇನೆ, ಅವಳಿಗೊಂದು ಎಲೆ ಇಟ್ಟವಳಲ್ಲ. ಬದುಕಿರುವವರಿಗೆ ಇಡಬಾರದು.

ಈಗ ನೀನು ಕಂಡೆ ಎನ್ನುತ್ತೀ, ನಾಲ್ಕು ವರ್ಷದವಳಾಗಿಯೇ. ಬದುಕಿದ್ದರೆ ಇಪ್ಪತ್ತೈದು ಆಗಬೇಕಿತ್ತಲ್ಲ. ಜೋಯಿಸರಲ್ಲಿಗೆ ಹೋಗಿ ಕವಡೆ ಹಾಕಿಸಿದೆ. "ಹುಡುಗಿಗೆ ಪ್ರಾಯ ಆಗಿದೆ ಅಮ್ಮ, ಅಣ್ಣನ ಹತ್ರ ಕೈ ಚಾಚಿ ಮದುವೆ ಕೇಳ್ತಾ ಉಂಟು, ನೀವು ಕಿವುಡಿಯ ಹಾಗೆ ಕೂತಿದ್ದೀರಿ" ಎಂದರು. ನನ್ನ ಕಿವಿಯ ಸಂಗತಿ ಅವರಿಗೆ ಯಾರು ಹೇಳಿದರೋ, ಅಕ್ಕನೇ ಇರಬೇಕು.

ನೀನು ಮದ್ರಾಸಿನಲ್ಲಿ ಬೆಳೆದವ, ಮರೆತಿರಬಹುದು. ಮದುವೆಯಾಗದೆ ಹೋದ ಮಕ್ಕಳಿಗೆ ಪ್ರಾಯ ತುಂಬಿದಾಗ, ಅವರ ಹಾಗೆಯೇ ಹೋದ ಇನ್ನೊಂದು ಮನೆಯ ಮಗುವನ್ನು ನೋಡಿ ನಮ್ಮಲ್ಲಿ ಮದುವೆ ಮಾಡುತ್ತಾರೆ. ಕುಲೆಗಳ ಮದುವೆ, ಸತ್ತವರ ಆತ್ಮಗಳದ್ದು. ಈ ಆಟಿಯಲ್ಲೇ ಮಾಡಿ ಮುಗಿಸುತ್ತೇನೆ. ಅತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಜೋಯಿಸರಲ್ಲಿಂದ ಬಂದು ಒಂದು ಬಟ್ಟಲು ಗಂಜಿ ಉಂಡೆ. ಅನ್ನದ ರುಚಿ ನನಗೆ ಎಷ್ಟು ವರ್ಷದ ಮೇಲೆ ತಿಳಿಯಿತು ಎಂದು ನಿನಗೆ ಹೇಗೆ ಹೇಳಲಿ.

ನಿನ್ನ ಅಮ್ಮ


ತ್ರಿಪ್ಲಿಕೇನ್
20 ಜೂನ್ 2025

ಅಮ್ಮ,

ಬಳೆ ಇತ್ತು, ಬಲಗೈಯಲ್ಲಿ. ಕಾಲು ನೋಡಲಿಲ್ಲ. ಏನೂ ಮಾತಾಡಲಿಲ್ಲ, ಹಾಗಾಗಿ ನಿನ್ನನ್ನೂ ಕೇಳಲಿಲ್ಲ.

ಪೆರಂಬೂರಿನ ಸಂಗತಿ ನನಗೆ ಗೊತ್ತಿರಲಿಲ್ಲ. ನಾನು ಶಾಲೆಯಿಂದ ಬಂದಾಗ ನೀನು ಮನೆಯಲ್ಲಿ ಇಲ್ಲದ ದಿನಗಳು ನೆನಪಿವೆ. ಬೀಗದ ಕೈ ಕೆಳಗಿನ ಮನೆಯಲ್ಲಿ ಇರುತ್ತಿತ್ತು. ನನ್ನ ಮುಖ ನೋಡಲಾಗದೆ ಹೊರಗೆ ಹೋಗುತ್ತೀ ಎಂದು ತಿಳಿದಿದ್ದೆ.

ಇಷ್ಟು ಬೇಗ ಮದುವೆ ಯಾಕಮ್ಮ? ಬರುವ ವರ್ಷಕ್ಕೆ ಇಟ್ಟುಕೊಳ್ಳಬಹುದಲ್ಲ. ನಾನು ಕಂಡದ್ದು ಕಣ್ಣಿನ ದೋಷವೂ ಇರಬಹುದು. ಎತ್ತರದ ಜಾಗ, ಚಳಿ, ಬೆಳಿಗ್ಗೆಯಿಂದ ಸರಿಯಾಗಿ ತಿಂದಿರಲಿಲ್ಲ. ನೀನು ಅದನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೀ ಎಂದು ನಾನು ಎಣಿಸಿರಲಿಲ್ಲ.

ಅಪ್ಪನಿಗೆ ಹೇಳಿದೆ. ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು. "ಅಮ್ಮ ಎಂತ ಮಾಡ್ತಾಳೋ ಮಾಡ್ಲಿ, ನೀನು ನಡುವೆ ಬಾಯಿ ಹಾಕ್ಬೇಡ. ಮಗಳು ಹೋದಳು ಅಂತ ಅವಳ ಬಾಯಲ್ಲಿ ಬಂತಲ್ಲ, ನಂಗೆ ಅಷ್ಟು ಸಾಕು" ಎಂದರು. ಆಮೇಲೆ ಮೂರು ದಿನ ಎಲ್ಲದಕ್ಕೂ ಉಪ್ಪು ಎರಡು ಸಲ ಹಾಕಿದರು. ಮ್ಯಾನ್ಷನ್ನಿನ ಬಾಡಿಗೆ ರೂಮುಗಳ ಹುಡುಗರು ಪಾಪ, ಅಣ್ಣಾಚ್ಚಿಗೆ ಏನೋ ಬೇಜಾರು ಎಂದು ಸುಮ್ಮನೆ ತಿಂದು ಎದ್ದರು.

ನನಗೆ ಕೊಡೈನಿಂದ ಬಂದಾಗಿನಿಂದ ಒಂದು ತೊಂದರೆ. ಯಾರಾದರೂ ಕೈ ಚಾಚಿದರೆ ಎದೆ ಧಸಕ್ಕೆನ್ನುತ್ತದೆ. ಸಾಂಬಾರಿಗೆ, ಅಪ್ಪಳಕ್ಕೆ, ಇನ್ನೊಂದು ತುತ್ತು ಅನ್ನಕ್ಕೆ ಈ ಮೆಸ್ಸಿನಲ್ಲಿ ದಿನವಿಡೀ ಜನ ಕೈ ಚಾಚುತ್ತಾರೆ. ಬಡಿಸಲು ಬೇರೆಯವರನ್ನು ಬಿಟ್ಟು ನಾನು ಗಲ್ಲಾದಲ್ಲಿ ಕೂರುತ್ತಿದ್ದೇನೆ. ಅಲ್ಲೂ ಚಿಲ್ಲರೆಗೆ ಕೈ ಚಾಚುತ್ತಾರೆ.

ಚರಣ್


ವಿಟ್ಲ
2 ಜುಲೈ 2025

ಮಗಾ,

ಬರುವ ವರ್ಷ ಎಂದೆಯಲ್ಲ, ಹೆಣ್ಣು ಹೆತ್ತವರಿಗೆ ಹಾಗೆ ಹೇಳಬಾರದು. ಗಂಡು ಸಿಕ್ಕಿತು!

ಸಾಲೆತ್ತೂರಿನ ಮನೆ. ಹುಡುಗನ ಹೆಸರು ಯಶವಂತ. ಮೂರು ವರ್ಷಕ್ಕೆ ಜ್ವರ ಬಂದು ಹೋದದ್ದು, ಇದ್ದರೆ ಈಗ ಇಪ್ಪತ್ತೆಂಟು. ತಾಯಿ ಲೀಲಮ್ಮ, ಒಳ್ಳೆಯ ಹೆಂಗಸು. ಬಳಿ ಯಾವುದು, ಯಾವ ಕುಲದವರು ಎಂದು ಕೇಳಿದೆವು, ಅವರದ್ದು ಬೇರೆ ನಮ್ಮದು ಬೇರೆ, ಕೊಡು-ಕೊಳ್ಳು ಆಗುತ್ತದೆ. "ಹುಡುಗ ಸ್ವಲ್ಪ ಕಪ್ಪು" ಎಂದು ಲೀಲಮ್ಮ ತಲೆ ತಗ್ಗಿಸಿಕೊಂಡು ಹೇಳಿದರು. "ನಮ್ಮವಳೇನು ಹಾಲಿನ ಬಣ್ಣವಾ ಮಾರಾಯ್ತಿ" ಎಂದೆ. ಇಬ್ಬರೂ ನಕ್ಕೆವು, ನಗುತ್ತ ನಗುತ್ತ ಇಬ್ಬರೂ ಅತ್ತೆವು. ಮರುದಿನ ಇಬ್ಬರೂ ಒಟ್ಟಿಗೆ ಪುತ್ತೂರಿಗೆ ಹೋಗಿ ಸೀರೆ, ಬಳೆ, ಕರಿಮಣಿ ತೆಗೆದೆವು. ಹಸಿರು ಸೀರೆ, ಸಣ್ಣ ಅಂಚಿನದು. ಅಂಗಡಿಯವನು "ಮದುಮಗಳು ಎಷ್ಟು ಎತ್ತರ ಅಕ್ಕ" ಎಂದು ಕೇಳಿದ. ನಾನು ನನ್ನ ಕಿವಿಯವರೆಗೆ ಕೈ ತೋರಿಸಿದೆ. ನನಗಿಂತ ಸ್ವಲ್ಪ ಗಿಡ್ಡ ಆಗುತ್ತಿದ್ದಳು ಎಂದು ನನ್ನ ಎಣಿಕೆ.

ಮದುವೆ ಇಪ್ಪತ್ತೇಳನೇ ತಾರೀಕು, ಆದಿತ್ಯವಾರ. ಒಂದು ಕೆಲಸ ನಿನ್ನಿಂದ ಆಗಬೇಕು. ಹುಡುಗನ ದೊಡ್ಡಪ್ಪ ಕೊಗ್ಗಣ್ಣ ಗಟ್ಟಿ ಮನುಷ್ಯ. "ಹೆಣ ಸಿಗ್ಲಿಲ್ಲ ಅಂತ ಕೇಳಿದೆ. ಬದುಕಿರುವ ಹೆಣ್ಣನ್ನು ಸತ್ತ ಹುಡುಗನಿಗೆ ಧಾರೆ ಎರೆದ್ರೆ ಆ ಹೆಣ್ಣು ಉಳಿಯುದಿಲ್ಲ. ಅದು ನಮ್ಮ ತಲೆಗೆ ಬರುದು ಬೇಡ" ಎಂದರು. ನನ್ನ ಮಗ ಕಣ್ಣಾರೆ ಕಂಡಿದ್ದಾನೆ ಎಂದೆ. ಹಾಗಾದರೆ ಅವನೇ ಬಂದು ದೈವದ ಚಾವಡಿಯಲ್ಲಿ ದೀಪದ ಎದುರು ಹೇಳಲಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಇಪ್ಪತ್ತಕ್ಕೆ ಬಂದು ಬಿಡು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕು, ಹೆಚ್ಚು ಬೇಡ ಕಡಿಮೆ ಬೇಡ.

ನಿನಗೆ ಕೈ ಚಾಚಿದಾಗ ಹೆದರಿಕೆ ಆಗುವುದು ಅವಳ ಕೆಲಸ ಬಾಕಿ ಇರುವುದರಿಂದ. ಮದುವೆ ಕಳೆದರೆ ನಿಲ್ಲುತ್ತದೆ.

ಅಮ್ಮ


ತ್ರಿಪ್ಲಿಕೇನ್
9 ಜುಲೈ 2025

ಅಮ್ಮ,

ನಾನು ಬರುವುದಿಲ್ಲ. ದೀಪದ ಎದುರು ನಿಂತು ಅದನ್ನು ಹೇಳಲು ನನ್ನಿಂದ ಆಗದು. ಯಾಕೆಂದು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಧೈರ್ಯ ಸಾಲಲಿಲ್ಲ.

ಅವತ್ತು ನಾನು ಅಣಬೆ ತಿಂದಿದ್ದೆ. ಮೊದಲ ಮಳೆಗೆ ನೀನು ಗಸಿ ಮಾಡುವ ಅಣಬೆಯಲ್ಲ. ಕೊಡೈಯ ಕಡೆ ಹುಲ್ಲಿನಲ್ಲಿ ಏಳುವ ಒಂದು ಜಾತಿ. ತಿಂದರೆ ನಾಲ್ಕೈದು ಗಂಟೆ ಇದ್ದದ್ದು ಬೇರೆ ಥರ ಕಾಣುತ್ತದೆ, ಇಲ್ಲದ್ದೂ ಕಾಣುತ್ತದೆ. ಕಾನೂನಿನಲ್ಲಿ ತಪ್ಪು. ಕುಡಿದ ಹಾಗಲ್ಲ, ತೂರಾಡುವುದಿಲ್ಲ. ಆದರೆ ನೀನು ಅಮಲು ಎಂದರೆ ನಾನು ಅಲ್ಲ ಎನ್ನುವುದಿಲ್ಲ.

ಪೂರ್ತಿ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡಲು ಏನಿದೆ. ಮಣ್ಣಿನ ರುಚಿ, ಕಹಿ. ಅರ್ಧ ಗಂಟೆ ಏನೂ ಆಗಲಿಲ್ಲ, ಅಮಿತ್ ಮೋಸ ಹೋದೆವು ಎಂದು ನಗುತ್ತಿದ್ದ. ಆಮೇಲೆ ಮರಗಳು ಉಸಿರಾಡತೊಡಗಿದವು. ನಿಜವಾಗಿ, ತೊಗಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹಸಿರು ಎಷ್ಟು ಹಸಿರಾಗಿತ್ತೆಂದರೆ ನನಗೆ ಅಳು ಬಂತು. ಅಷ್ಟು ಚಂದವನ್ನು ನಾನು ಹುಟ್ಟಿದಾಗಿನಿಂದ ಕಂಡವನಲ್ಲ. ಅದನ್ನೂ ನಿನಗೆ ಹೇಳಬೇಕು, ಕೆಟ್ಟದ್ದನ್ನು ಮಾತ್ರ ಹೇಳಿದರೆ ಅದೂ ಸುಳ್ಳೇ. ಆಮೇಲೆ ನೆಲದಿಂದ ನೀರಿನ ಸದ್ದು ಬಂತು. ಆಮೇಲೆ ಅವಳು. ನಾನು ಎರಡು ಗಂಟೆ ಬೊಬ್ಬೆ ಹೊಡೆದೆನಂತೆ. ಅಮಿತ್ ನನ್ನನ್ನು ಅಪ್ಪಿ ಹಿಡಿದುಕೊಂಡು ಕೂತಿದ್ದನಂತೆ. ಅವನೂ ತಿಂದಿದ್ದ, ಪಾಪ, ಅವನ ಪಾಡು ಏನೋ.

ಯಾಕೆ ತಿಂದೆ ಎಂದು ಕೇಳುತ್ತೀ. ಅಮಿತ್ ಕೊಟ್ಟ ಎಂದು ಅವನ ಮೇಲೆ ಹಾಕಬಹುದು, ಅದಲ್ಲ. ಹಿಂದೊಮ್ಮೆ ತಿಂದಾಗ ತೀರಿಹೋದ ಅಜ್ಜಿ ಬಂದು ತನ್ನ ತಲೆ ಸವರಿದಳು ಎಂದು ಅವನು ಹೇಳಿದ್ದ. ನನಗೆ ಒಬ್ಬಳನ್ನು ನೋಡಬೇಕಿತ್ತು. ನಾನೇ ಕೇಳಿ ತಿಂದದ್ದು.

ಆದ್ದರಿಂದ ಅದು ಕುಲೆಯಲ್ಲ ಅಮ್ಮ. ನನ್ನ ತಲೆಯಲ್ಲಿ ಆದದ್ದು. ಅದನ್ನು ನಂಬಿ ನೀನು ಮದುವೆ ಮಾಡಬೇಡ. ಹಸಿರು ಸೀರೆಯ ಸಂಗತಿ ಓದಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಚರಣ್


ವಿಟ್ಲ
15 ಜುಲೈ 2025

ಚರಣನಿಗೆ,

ನಿನ್ನ ಕಾಗದ ಒಲೆಗೆ ಹಾಕಿದೆ.

ಅಣಬೆ ತಿಂದವನ ಮಾತು ಕೇಳಿ ನಾನು ನನ್ನ ಮಗಳನ್ನು ಸಾಯಿಸಿದೆ. ಇಪ್ಪತ್ತು ವರ್ಷ ಒಂದು ಎಲೆ ಇಡದವಳು ಸೀರೆ ತೆಗೆದೆ, ಕರಿಮಣಿ ತೆಗೆದೆ, ಊರಿಗೆಲ್ಲ ಹೇಳಿದೆ. ನಗುವವರ ಎದುರು ಎಡವಿ ಬಿದ್ದ ಹಾಗಾಯಿತು. ಅದೂ ಇರಲಿ. ನಿನ್ನನ್ನು ಹೆತ್ತು ಸಾಕಿದ್ದಕ್ಕೆ ಇದೊಂದು ಬಾಕಿ ಇತ್ತು.

ಲೀಲಮ್ಮನಿಗೆ ಹೇಳಿ ಕಳಿಸಿದ್ದೇನೆ. ಮದುವೆ ನಿಂತಿತು. ಅವರು ನಡೆದುಕೊಂಡೇ ಬಂದರು, ಅಂಗಳದಲ್ಲಿ ಕೂತು ಹೋದರು. ಅವರ ಮಗನಿಗೆ ಎರಡನೇ ಸಲ ಹೆಣ್ಣು ತಪ್ಪಿದ್ದಂತೆ.

ಈಗ ಕೇಳು. ನೀನು ಕಂಡದ್ದು ಅವಳಲ್ಲವಾದರೆ ಅವಳು ಸತ್ತಿದ್ದಾಳೆ ಎನ್ನಲು ಏನೂ ಇಲ್ಲ. ಬದುಕಿದ್ದಾಳೆ. ನಾನು ಮತ್ತೆ ಮದ್ರಾಸಿಗೆ ಬರುತ್ತೇನೆ. ಅಕ್ಕನನ್ನು ನೋಡಿಕೊಳ್ಳಲು ಜನ ಮಾಡುತ್ತೇನೆ. ಪೆರಂಬೂರಿನಲ್ಲಿ ಮೊದಲು ಶಾಲೆಯ ಹತ್ತಿರ ನಿಂತರೆ ಆಗುತ್ತಿತ್ತು. ಈಗ ಮದುವೆಯಾಗಿ ಒಂದು ಮಗು ಇರಬಹುದು. ಆ ಪ್ರಾಯದ ಹೆಂಗಸರನ್ನು ಎಲ್ಲಿ ನಿಂತು ನೋಡುವುದು? ರೇಷನ್ ಅಂಗಡಿಯಾ? ರೈಲು ಸ್ಟೇಷನ್ನಾ? ನೀನು ಅಲ್ಲೇ ಇರುವವ, ವಿಚಾರಿಸಿ ಇಡು.

ಇನ್ನೊಂದು. ಆ ಅಣಬೆ ನನಗೂ ತಂದುಕೊಡು. ಬಯ್ಯಲು ಬರೆಯುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನೀನು ಅಣ್ಣ, ನಾನು ಹೆತ್ತವಳು. ಸತ್ತಿದ್ದರೆ ನನ್ನ ಎದುರು ಬರದೆ ಇರುವವಳಲ್ಲ. ಬಂದರೆ ಸತ್ತಿದ್ದಾಳೆ, ಬಾರದಿದ್ದರೆ ಬದುಕಿದ್ದಾಳೆ. ಒಂದು ಸಲ ತಿಳಿಯಲಿ. ನನಗೆ ಅರುವತ್ತಾಯಿತು, ಈ ಎರಡರ ನಡುವೆ ನಿಂತು ನಿಂತು ಸಾಕಾಗಿದೆ.

ಸರಸ


ತ್ರಿಪ್ಲಿಕೇನ್
21 ಜುಲೈ 2025

ಅಮ್ಮ,

ಅಣಬೆ ತರುವುದಿಲ್ಲ. ಪೆರಂಬೂರಿಗೂ ಬರಬೇಡ. ಬಲೂನಿನವ ಇರಲಿಲ್ಲ.

ಒಬ್ಬನೂ ಇರಲಿಲ್ಲ ಅಮ್ಮ. ನಾನು ಕಟ್ಟಿ ಹೇಳಿದ್ದು. ಒಂಬತ್ತು ವರ್ಷದವನ ತಲೆಗೆ ಹೊಳೆದದ್ದು. ನೀನು ಅವನನ್ನು ಹುಡುಕಿಕೊಂಡು ಹದಿನಾಲ್ಕು ವರ್ಷ ಬಸ್ಸು ಹತ್ತಿದೆ ಎಂದು ಜೂನಿನಲ್ಲಿ ಓದಿದಾಗಲೇ ನಾನು ಸಾಯಬೇಕಿತ್ತು.

ಆದದ್ದು ಇದು. ನಿನ್ನನ್ನು ಕೇಳದೆ ನಾನು ಅವಳನ್ನು ಸಮುದ್ರಕ್ಕೆ ಕರೆದುಕೊಂಡು ಹೋದೆ. ಕೇಳಿದ್ದೆನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ, ಆದರೆ ಕೇಳಲಿಲ್ಲ ಎಂದು ನೀನು ಅಂದಮೇಲೆ ಕೇಳಿಲ್ಲ. ಆದಿತ್ಯವಾರ ಬೆಳಿಗ್ಗೆ, ಒಂಬತ್ತು ಆಗಿರಲಿಲ್ಲ. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅವಳು ಚಿಪ್ಪು ಹೆಕ್ಕಿ ಫ್ರಾಕಿನಲ್ಲಿ ತುಂಬಿಕೊಳ್ಳುತ್ತಿದ್ದಳು. ಜನ ಓಡುವುದು ಕಂಡಿತು, ಯಾಕೆಂದು ತಿಳಿಯಲಿಲ್ಲ. ಅಲೆ ಎಂದರೆ ಎದ್ದು ಬೀಳುವಂಥದ್ದು ಎಂದು ನಮಗೆ ಗೊತ್ತಿದ್ದದ್ದು. ಇದು ಬೀಳಲೇ ಇಲ್ಲ, ಬರುತ್ತಲೇ ಇತ್ತು. ನಾನು ಅವಳ ಬಲಗೈ ಹಿಡಿದು ಓಡಿದೆ. ಬಜ್ಜಿ ಅಂಗಡಿಯ ಹತ್ತಿರ ನೀರು ನಮ್ಮನ್ನು ಹಿಡಿಯಿತು. ಅಂಗಡಿಯ ಒಂದು ಕಂಬ ನನ್ನ ಎಡಗೈಗೆ ಸಿಕ್ಕಿತು. ಬಲಗೈಯಲ್ಲಿ ಅವಳು. ನೀರು ಹಿಂದಕ್ಕೆ ಎಳೆಯತೊಡಗಿದಾಗ ಎಡಗೈ ಒಂದರಿಂದ ಕಂಬ ಹಿಡಿದುಕೊಳ್ಳಲು ಆಗಲಿಲ್ಲ.

ಕೈ ಜಾರಿತು ಎಂದು ಬರೆದರೆ ನೀನು ನಂಬುತ್ತೀ. ಜಾರಲಿಲ್ಲ. ನಾನು ಬಿಟ್ಟೆ. ಎರಡೂ ಕೈಯಿಂದ ಕಂಬ ಹಿಡಿದುಕೊಂಡೆ. ಅವಳು ಕೈ ಚಾಚಿಕೊಂಡೇ ಹೋದಳು. ಕಪ್ಪು ಬಳೆ ಕಾಣುತ್ತಿತ್ತು. ಆಮೇಲೆ ತಲೆ ಮುಳುಗಿತು. ನಾನು ನೋಡಿದೆ. ಮತ್ತೆ ಏಳಲಿಲ್ಲ, ಅದನ್ನೂ ನೋಡಿದೆ.

ಮರೆತು ಹೋಗಿತ್ತು, ಅಣಬೆ ನೆನಪಿಸಿತು ಎಂದರೆ ಚಂದ ಇರುತ್ತಿತ್ತು. ನಾನು ಯಾವತ್ತೂ ಮರೆತಿರಲಿಲ್ಲ. ಅವಳು ಬಂದು ನಿನ್ನ ತಪ್ಪಿಲ್ಲ ಅಣ್ಣ ಎನ್ನುತ್ತಾಳೆ ಎಂಬ ಆಸೆಗೆ ತಿಂದೆ. ಅವಳು ಏನೂ ಹೇಳಲಿಲ್ಲ. ಕೈ ಚಾಚಿದಳು ಅಷ್ಟೆ, ಅವತ್ತಿನ ಹಾಗೆಯೇ. ಅವಳು ಮದುವೆ ಕೇಳಿದ್ದಲ್ಲ ಅಮ್ಮ. ನನ್ನನ್ನು ಹಿಡಿದುಕೋ ಎಂದದ್ದು.

ಅವಳು ಸತ್ತಿದ್ದಾಳೆ. ಇದಕ್ಕೆ ಯಾವ ದೀಪದ ಎದುರು ಬೇಕಾದರೂ ನಿಲ್ಲುತ್ತೇನೆ.

ಚರಣ್


ತ್ರಿಪ್ಲಿಕೇನ್
29 ಜುಲೈ 2025

ಅಮ್ಮ,

ಕಾಗದ ಮುಟ್ಟಿದೆ ಎಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ನೀನು ಓದಿ ಎದ್ದು ಹೋದೆ, ಈಗ ಮೂರು ದಿನದಿಂದ ತೋಟದ ಮನೆಯಲ್ಲೇ ಇದ್ದೀ ಎಂದರು. ಹೆಚ್ಚು ಕೇಳಬೇಡ ಮಗಾ ಎಂದರು. ದೊಡ್ಡಮ್ಮ ಒಂದು ಸುದ್ದಿಯನ್ನು ಹೇಳದೆ ಬಿಟ್ಟದ್ದು ಇದೇ ಮೊದಲು.

ಅಪ್ಪನಿಗೂ ಎಲ್ಲ ಹೇಳಿದೆ. ಅಣಬೆಯದ್ದು, ಕಂಬದ್ದು, ಬಲೂನಿನವನದ್ದು. ಟಿಫಿನ್ ಹೊತ್ತಿಗೆ ಮುಂಚೆ, ಖಾಲಿ ಮೆಸ್ಸಿನಲ್ಲಿ, ಮೇಜಿನ ಎರಡು ಕಡೆ ಕೂತು. ಅವರು ನನ್ನ ಮಣಿಕಟ್ಟು ಹಿಡಿದು, "ಒಂಬತ್ತು ವರ್ಷದವನ ಕೈ, ಇದರಲ್ಲಿ ಎಷ್ಟು ಬಲ ಇದ್ದೀತು ಮಾರಾಯ" ಎಂದರು. ಹಿಡಿದ ಕೈ ಬಿಡಲಿಲ್ಲ. ಮೊದಲ ಗಿರಾಕಿ ಬರುವವರೆಗೆ ಹಾಗೇ ಕೂತಿದ್ದೆವು.

ನಿನ್ನಿಂದ ಅಂಥ ಮಾತು ಬೇಕೆಂದು ಕೇಳುತ್ತಿಲ್ಲ. ಬಯ್ದಾದರೂ ಬರೆ.

ಚರಣ್


ವಿಟ್ಲ
1 ಆಗಸ್ಟ್ 2025

ಮಗಾ ಚರಣ,

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕೂತೆ, ಕೈ ಬರಲಿಲ್ಲ. ಬರದೆ ಇರುವುದನ್ನು ಬರೆಯುವುದಿಲ್ಲ. ಮುಂದೆ ಬಂದರೆ ಬಂತು. ಹದಿನಾಲ್ಕು ವರ್ಷ, ಚರಣ. ಯಾವ ಯಾವ ಮಕ್ಕಳ ಮುಖ ಹಿಡಿದು ನೋಡಿದೆ ಎಂದು ನಿನಗೆ ಗೊತ್ತಿಲ್ಲ. ಒಬ್ಬಳು ಹೆದರಿ ಅತ್ತದ್ದಕ್ಕೆ ಅವಳ ತಾಯಿ ನನಗೆ ಹೊಡೆದಳು.

ಮೂರು ದಿನ ನಿನಗೆ ಶಾಪ ಹಾಕಿದೆ. ನಾಲ್ಕನೇ ದಿನ ನಿನ್ನ ಒಂದು ಸಾಲು ನೆನಪಾಯಿತು. ಕೇಳಿದ್ದೆನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ ಎಂದು ಬರೆದಿದ್ದೀ.

ನೀನು ಕೇಳಿದ್ದೆ. ಕೇಳಿದ್ದೂ ಅಲ್ಲ, ನಾನೇ ಕಳಿಸಿದ್ದು. ಹಿಂದಿನ ದಿನ ನಿನ್ನ ಅಪ್ಪನಿಗೂ ನನಗೂ ಜಗಳವಾಗಿತ್ತು, ತಲೆ ಸಿಡಿಯುತ್ತಿತ್ತು. ನೀವಿಬ್ಬರೂ ಮಂಚದ ಮೇಲೆ ಕುಣಿಯುತ್ತಿದ್ದಿರಿ. "ಇವಳನ್ನು ಕರ್ಕೊಂಡು ಸಮುದ್ರಕ್ಕಾದ್ರೂ ಹೋಗಿ ಸಾಯಿ, ಒಂದು ಗಂಟೆ ನನ್ನ ಕಣ್ಣಿಗೆ ಬೀಳ್ಬೇಡಿ" ಎಂದೆ. ಆ ಮಾತನ್ನೇ ಆಡಿದ್ದೆ. ಬಾಗಿಲು ಹಾಕಿ ಮಲಗಿದೆ. ಪೊಲೀಸರು ಬಂದು ಕೇಳಿದಾಗ, ಹುಡುಗ ಹೇಳದೆ ಕರೆದುಕೊಂಡು ಹೋದ ಎಂದೆ. ನೀನು ಅಲ್ಲೇ ನಿಂತಿದ್ದೆ, ನನ್ನ ಮುಖ ನೋಡಿದೆ, ಹೌದು ಎಂದು ತಲೆ ಆಡಿಸಿದೆ. ನಿನ್ನ ಸುಳ್ಳನ್ನು ನಾನು ಇಷ್ಟು ವರ್ಷ ನಂಬಿದೆ, ನನ್ನ ಸುಳ್ಳನ್ನು ನೀನು ನಂಬಿದೆ. ನನ್ನದು ನಿನ್ನದಕ್ಕಿಂತ ಮೊದಲಿನದು.

ಮೊನ್ನೆ ಸಾಲೆತ್ತೂರಿಗೆ ಹೋದೆ. ಚಾವಡಿಯಲ್ಲಿ ದೀಪ ಹಚ್ಚಿಸಿ ಕೊಗ್ಗಣ್ಣನ ಎದುರು, ಲೀಲಮ್ಮನ ಎದುರು ಎಲ್ಲ ಹೇಳಿದೆ. ಕಳಿಸಿದವಳು ನಾನು, ಮುಳುಗಿದ್ದನ್ನು ಕಂಡವನು ನನ್ನ ಮಗ, ಅಣಬೆ ತಿಂದದ್ದನ್ನೂ ಹೇಳಿದೆ. ಕೊಗ್ಗಣ್ಣ ಕೇಳಿ, "ಅವ ಎಂತ ತಿಂದು ಕಂಡನೋ ನಮಗೆ ಬೇಡ ಅಮ್ಮ, ಒಂಬತ್ತು ವರ್ಷಕ್ಕೆ ಎಂತದೂ ತಿನ್ನದೆ ಕಂಡದ್ದು ಸಾಕು" ಎಂದರು. ಲೀಲಮ್ಮ ಎದ್ದು ನನಗೆ ನೀರು ತಂದುಕೊಟ್ಟರು.

ಮದುವೆ ಹತ್ತನೇ ತಾರೀಕು, ಆದಿತ್ಯವಾರ, ಅವರ ಅಂಗಳದಲ್ಲಿ. ಶುಕ್ರವಾರದ ರೈಲಿಗೆ ನೀನೂ ಅಪ್ಪನೂ ಹೊರಟು ಬನ್ನಿ. ಮೆಸ್ಸಿಗೆ ಎರಡು ದಿನ ಬೀಗ ಹಾಕಿದರೆ ತ್ರಿಪ್ಲಿಕೇನ್ ಉಪವಾಸ ಬೀಳುವುದಿಲ್ಲ.

ನಿನಗೆ ಒಂದು ಕೆಲಸ ಉಂಟು. ಹೆಣ್ಣನ್ನು ಮನೆಯೊಳಗಿನಿಂದ ಚಪ್ಪರಕ್ಕೆ ಕೈಹಿಡಿದು ತರಬೇಕಾದ್ದು ಅಣ್ಣ. ಬೇರೆ ಯಾರಾದರೂ ತರಲಿ ಎಂದು ಅವರು ಹೇಳಿದರು, ನಾನು ಒಪ್ಪಲಿಲ್ಲ. ಸೀರೆ, ಬಳೆ ಇಟ್ಟ ತಟ್ಟೆ ನಾನು ಹಿಡಿದುಕೊಂಡು ಮುಂದೆ ನಡೆಯುತ್ತೇನೆ. ನೀನು ನಿನ್ನ ಬಲಗೈಯನ್ನು ಪಕ್ಕಕ್ಕೆ ಕೆಳಗೆ ಹಿಡಿದು ಹಿಂದೆ ಬರಬೇಕು, ನಾಲ್ಕು ವರ್ಷದವಳ ಎತ್ತರಕ್ಕೆ. ಕೈಯಲ್ಲಿ ಏನೂ ಇರುವುದಿಲ್ಲ. ಆದರೂ ಬೆರಳು ಮಡಚಿ ಗಟ್ಟಿಯಾಗಿ ಹಿಡಿದುಕೊಂಡೇ ಬರಬೇಕು. ಹೆದರಿಕೆಯಾದರೆ ಆಗಲಿ. ಗಂಡಿನ ಮಣೆಯ ಹತ್ತಿರ ಬಂದಾಗ ನಾನು ತಿರುಗಿ "ಸಾಕು ಮಗಾ, ಇನ್ನು ಬಿಡು" ಎನ್ನುತ್ತೇನೆ.

ನಾನು ಹೇಳುವವರೆಗೆ ಬಿಡಬೇಡ.

ನಿನ್ನ ಅಮ್ಮ